ಹದಿನಾಲ್ಕು ಇಂಚು

"ಒತ್ತಿಬಿಡು ವರ್ನಾ. ಇನ್ನೂ ಏನ್ ನೋಡ್ತಾ ಕೂತಿದ್ದೀಯ?" ಎಂದು ರೇನೋ ಕಾಂಗಸ್ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಳ್ಳಿದ. ಅವನ ಅಡುಗೆಮನೆಯ ಕಿಟಕಿಯಾಚೆ ಇಡೀ ಸರೋವರ ಬೆಳ್ಳಗೆ ಹೆಪ್ಪುಗಟ್ಟಿ ಬಿದ್ದಿತ್ತು.

ವರ್ನಾ ಹಾಪಲಾ ಒತ್ತಲಿಲ್ಲ. ಕಾಫಿ ಕುಡಿದಳು. ಮೂವತ್ತು ವರ್ಷ ಶಾಲಾ ಬಸ್ ಓಡಿಸಿದವಳು. ಹಿಂದಿನಿಂದ ಎಷ್ಟೇ ಹಾರನ್ ಹೊಡೆದರೂ ಕೊನೆಯ ಮಗು ರಸ್ತೆ ದಾಟುವ ತನಕ ಬ್ರೇಕಿನಿಂದ ಕಾಲು ತೆಗೆದವಳಲ್ಲ.

ಇಂಟರ್ನೆಟ್ಟಿನಲ್ಲಿ ಸರೋವರದ ಪುಟವನ್ನು ಹದಿನಾರು ಚಳಿಗಾಲಗಳಿಂದ ನಡೆಸುತ್ತಿದ್ದವಳು ಅವಳೇ. ಊರಿನ ಹತ್ತೊಂಬತ್ತು ಜನ ದಿನಾ ಬೆಳಿಗ್ಗೆ ತಮ್ಮ ತಮ್ಮ ದಡದಿಂದ ಇಳಿದು, ಬೈರಿಗೆಯಿಂದ ಮಂಜುಗಡ್ಡೆ ಕೊರೆದು, ಎಷ್ಟು ಇಂಚು ದಪ್ಪವಿದೆಯೆಂದು ಹೆಸರಿನ ಸಮೇತ ಅಲ್ಲಿ ಬರೆಯುತ್ತಿದ್ದರು. ಯಾರಿಗೂ ಸಂಬಳವಿಲ್ಲ, ಭತ್ಯೆಯಿಲ್ಲ. ನಡೆಯುವವರಿಗೆ ನಾಲ್ಕು ಇಂಚು ಸಾಕು, ಟ್ರಕ್ಕಿಗೆ ಹದಿನಾಲ್ಕಾದರೂ ಬೇಕು. ಪುಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ಹೊತ್ತು ಮುಳುಗಿದ ಕೂಡಲೇ ವರ್ನಾ ಎಲ್ಲವನ್ನೂ ಅಳಿಸಿಬಿಡುತ್ತಿದ್ದಳು. ಹಳೆಯ ಅಂಕಿಯನ್ನು ನಂಬಿ ಯಾರೂ ಗಡ್ಡೆಯ ಮೇಲೆ ಕಾಲಿಡಬಾರದು. ಆ ಹದಿನಾರು ವರ್ಷಗಳಲ್ಲಿ ಪುಟ ನೋಡಿ ಇಳಿದ ಒಬ್ಬನೂ ಮುಳುಗಿರಲಿಲ್ಲ.

ಆಮೇಲೆ ಒಂದು ದೊಡ್ಡ ಕಂಪನಿಯ ಯಂತ್ರ ಬಂತು. ಫೋನಿನಲ್ಲಿ ಏನು ಕೇಳಿದರೂ ಉತ್ತರ ಹೇಳುವಂಥದ್ದು. ಅದು ಯಾರನ್ನೂ ಕೇಳದೆ ಪುಟದ ಅಂಕಿಗಳನ್ನೆಲ್ಲ ಬಾಚಿಕೊಂಡಿತು; ಸಂಜೆ ಅಳಿಸುವ ಕಟ್ಟಳೆಯನ್ನು ಮಾತ್ರ ಅಲ್ಲೇ ಬಿಟ್ಟುಹೋಯಿತು. ಫೆಬ್ರವರಿಯಲ್ಲಿ ದೂರದ ಐಯೋವಾದಿಂದ ಗಡ್ಡೆ ಕೊರೆದು ಮೀನು ಹಿಡಿಯಲು ಬಂದ ಮೇಷ್ಟರೊಬ್ಬರು ಕೇಳಿದಾಗ ಒಂಬತ್ತು ದಿನ ಹಳೆಯದಾದ ರೇನೋನ ಅಂಕಿಯನ್ನು, ರೇನೋನ ಹೆಸರಿನಲ್ಲೇ, ಆ ಹೊತ್ತಿನದೆಂಬಂತೆ ಹೇಳಿತು. ಮೇಷ್ಟರು ಟ್ರಕ್ಕಿನ ಸಮೇತ ಮುಳುಗಿಹೋದರು. ಅವರ ಹೆಂಡತಿ ರೇನೋಗೆ ಫೋನ್ ಮಾಡಿದ್ದಳು. ಬಯ್ಯಲಿಲ್ಲ. "ನೀವೇ ತಾನೇ ಅಳೆದದ್ದು?" ಎಂದಷ್ಟೇ ಕೇಳಿದಳು. ಅವನು ಹೌದೆಂದ. ಅಂದು ಮೊಳೆಗೆ ನೇತುಹಾಕಿದ ಬೈರಿಗೆಯನ್ನು ಅವನು ಮತ್ತೆ ಇಳಿಸಿರಲಿಲ್ಲ.

ವರ್ನಾ ಕಂಪನಿಗೆ ಆರು ಕಾಗದ ಬರೆದಳು. ಐದಕ್ಕೆ ಉತ್ತರವಿಲ್ಲ. ಆರನೆಯದಕ್ಕೆ ಒಂದು ಪೊಟ್ಟಣ ಬಂತು. ಒಳಗೆ ಉಣ್ಣೆಯ ಟೋಪಿ, ಮೇಲೆ 'ನಮ್ಮ ಊರಿನ ತಾರೆ' ಎಂಬ ಕಸೂತಿ.

"ಟೋಪಿ ಹಾಕಿದ್ದು ಸಾಲ್ದು ಅಂತ ಟೋಪಿನ ಪೋಸ್ಟಲ್ಲಿ ಬೇರೆ ಕಳಿಸಿದ್ದಾರೆ, ದರಿದ್ರದವರು," ಎಂದು ರೇನೋ ಅದನ್ನು ಒಲೆಗೆ ತುರುಕಿದ್ದ.

ಈಗ ಅವನು ಮತ್ತೆ ಹೇಳಿದ, "ಬೀಗ ಹಾಕು. ನಮ್ಮೂರೋರಿಗೆ ಗುಟ್ಟಿನ ಪದ ಕೊಡು, ಸಾಕು. ನನ್ನ ಹೆಸರಲ್ಲಿ ಆ ದೆವ್ವ ಇನ್ನೊಬ್ಬನ್ನ ಕೊಲ್ಲೋದು ಬೇಡ."

"ಮುಳುಗೋರು ನಮ್ಮೂರೋರಲ್ಲ ಕಣೋ. ಯಾವಾಗ್ಲೂ ಹೊರಗಿನೋರೇ. ಅವರನ್ನೇ ಆಚೆ ನಿಲ್ಸಿ ಬಾಗಿಲು ಹಾಕ್ಲಾ?"

"ತೆಗ್ದಿದ್ದಾಗ ಉಳೀತಾ ಆ ಮೇಷ್ಟ್ರ ಜೀವ?"

ವರ್ನಾ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಅಂದು ಬೆಳಿಗ್ಗೆ ತನ್ನ ದಡದಲ್ಲಿ ತಾನೇ ಕೊರೆದು ಹದಿನಾಲ್ಕು ಇಂಚು ಎಂದು ಬರೆದಿದ್ದಳು. ಅದರ ಕೆಳಗಿದ್ದ ಗುಂಡಿಯನ್ನು ಒತ್ತಿದಳು. ಪುಟಕ್ಕೆ ಬೀಗ ಬಿತ್ತು. 

ಹನ್ನೆರಡು ದಿನಗಳಲ್ಲಿ ದಕ್ಷಿಣದ ಗಾಳಿ ಬೀಸಿತು, ಎರಡು ಸಲ ಮಳೆಯೂ ಬಂತು. ಹನ್ನೆರಡನೆಯ ಬೆಳಿಗ್ಗೆ ವರ್ನಾ ಗ್ಯಾರೇಜಿನಿಂದ ಹಳೆಯ ಮರದ ಹಲಗೆಯನ್ನು ಹೊರತೆಗೆದು, ಹಿಮಬಂಡಿಯಲ್ಲಿ ಎಳೆದೊಯ್ದು, ಹೊರಗಿನವರಿಗೆ ಕಾಣಲೆಂದು ತನ್ನ ಕಡೆಯ ಇಳಿದಾಣದಲ್ಲಿ, ಗಾಡಿಗಳು ಸರೋವರಕ್ಕೆ ಇಳಿಯುವ ಕಡೆ, ನಿಲ್ಲಿಸಿದಳು. ಪುಟ ಹುಟ್ಟುವ ಮೊದಲು ಊರವರು ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದುದು ಅದರ ಮೇಲೆಯೇ. ಅಂದು ಅವಳು ಬರೆದದ್ದು ಏಳು. ಅದೂ ಗಟ್ಟಿ ಏಳಲ್ಲ. ನೆನೆದ ರಸ್ಕಿನಂತೆ ಕುಸಿದುಬೀಳುವ ಬೂದುಬಣ್ಣದ ಗಡ್ಡೆ.

ಮಧ್ಯಾಹ್ನ ಕೆಂಪು ಟ್ರಕ್ಕೊಂದು ಇಳಿದಾಣಕ್ಕೆ ಬಂದು, ಹಲಗೆಯನ್ನು ದಾಟಿ ನೇರ ಸರೋವರದ ಅಂಚಿಗೆ ಹೊರಟಿತು. ವರ್ನಾ ಓಡಿಹೋಗಿ ಅಡ್ಡ ನಿಂತಳು. ಗಂಡಸು ಗಾಜು ಇಳಿಸಿದ. ಪಕ್ಕದಲ್ಲಿ ಹೆಂಡತಿ, ಹಿಂದೆ ಗಡ್ಡೆಯ ಮೇಲೆ ಹೂಡಿ ಮೀನು ಹಿಡಿಯುವ ಗುಡಾರ.

"ಏನಜ್ಜಿ, ಸಾಯೋ ಆಸೆನಾ?"

"ನನಗಲ್ಲ, ನಿನಗೆ. ಟ್ರಕ್ ಹಿಂದೆ ತಗೋ. ಏಳಿಂಚೂ ಇಲ್ಲ ಅಲ್ಲಿ."

ಅವನು ನಕ್ಕು ಫೋನನ್ನು ಕಿಟಕಿಯಿಂದ ಹೊರಗೆ ಹಿಡಿದ. "ನೋಡಿ, ಹದಿನಾಲ್ಕು ಅಂತಿದೆ. ಇವತ್ತಿಂದೇ. ಇಲ್ಲಿನೋರೇ ಅಳೆದಿದ್ದಾರೆ. ವರ್ನಾ ಹಾಪಲಾ ಅಂತೆ."

 ಬೀಗ ಬಿದ್ದ ಮೇಲೆ ಹೊಸ ಅಂಕಿ ಸಿಗದೆ, ಯಂತ್ರ ಕೊನೆಗೆ ಕಂಡದ್ದನ್ನೇ ಹನ್ನೆರಡು ದಿನವೂ ಒಪ್ಪಿಸುತ್ತಿತ್ತು.

"ನಾನೇ ವರ್ನಾ."

ಅವನು ಅವಳ ಮುಖ ನೋಡಿದ. ಮತ್ತೆ ಫೋನ್ ನೋಡಿದ. "ಇರಬಹುದು," ಎಂದ, ಸಭ್ಯವಾಗಿಯೇ.

ಅವಳು ಹಲಗೆಯ ಬಳಿಯಿದ್ದ ಬೈರಿಗೆ ತಂದು ಅವನ ಕಣ್ಣೆದುರೇ ಕೊರೆದಳು. ನಾಲ್ಕೇ ಸುತ್ತು ತಿರುಗಿಸುವಷ್ಟರಲ್ಲಿ ನೀರು ಉಕ್ಕಿ ಅವಳ ಬೂಟು ತೋಯಿಸಿತು. ಹೆಂಡತಿ, "ನಡೀರಿ ಪ್ಲೀಸ್, ವಾಪಸ್ ಹೋಗೋಣ," ಎಂದಳು. ಅವನು ಏನೋ ಗೊಣಗಿ ಟ್ರಕ್ಕನ್ನು ಹಿಂದೆ ತೆಗೆದ. ವರ್ನಾಳಿಗೆ ಹೋದ ಜೀವ ಬಂದಂತಾಯಿತು. ಹಲಗೆಗೆ ಒರಗಿಕೊಂಡಳು.

ಟ್ರಕ್ಕು ಮೇಲಿನ ಕೂಡುರಸ್ತೆಗೆ ಹೋಗಿ ನಿಂತಿತು. ಎಡಕ್ಕೆ ಹೆದ್ದಾರಿ. ಒಳಗೆ ಇಬ್ಬರೂ ಕೈಬೀಸಿ ಮಾತಾಡುತ್ತಿರುವುದು ಹಿಂಗಾಜಿನಲ್ಲಿ ಕಾಣುತ್ತಿತ್ತು. ಗಂಡಸು ಫೋನನ್ನು ಎತ್ತಿ ಹೆಂಡತಿಗೆ ತೋರಿಸಿದ. ಟ್ರಕ್ಕು ಬಲಕ್ಕೆ ತಿರುಗಿ ಸರೋವರದಂಚಿನ ದಾರಿ ಹಿಡಿಯಿತು.

ಅವಳ ಕಾರು ಎರಡು ಮೈಲಿ ದೂರದ ಮನೆಯಲ್ಲಿತ್ತು. ಒದ್ದೆ ಕೈಗವಸು ಹಲ್ಲಿನಿಂದ ಕಿತ್ತು ರೇನೋಗೆ ಫೋನ್ ಮಾಡಿದಳು.

"ಕೆಂಪು ಟ್ರಕ್ಕು, ಗಂಡ ಹೆಂಡ್ತಿ. ನಿನ್ನ ಕಡೆ ಇಳಿದಾಣಕ್ಕೆ ಬರ್ತಿದ್ದಾರೆ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಕಣೋ ಅವನು. ಕೊರೆದು ತೋರಿಸ್ಬೇಕು."

  ರೇನೋನ ಕಡೆಯಿಂದ ಕುರ್ಚಿ ಸರಿದ ಸದ್ದು, ಗೋಡೆಗೆ ಕಬ್ಬಿಣ ತಾಗಿದ ಸದ್ದು, ಬಾಗಿಲು.

ಅವಳು ಫೋನನ್ನು ಕಿವಿಯಿಂದ ತೆಗೆಯದೆ ನಿಂತಳು. ದಡದಾಚೆ ಮರಗಳ ನಡುವೆ ಕೆಂಪು ಬಣ್ಣ ಒಮ್ಮೆ ಕಂಡು ಮರೆಯಾಯಿತು. ಸರೋವರಕ್ಕೆ ಏಳು ಇಳಿದಾಣಗಳಿದ್ದವು; ಟ್ರಕ್ಕು ಯಾವುದರಿಂದಲೂ ಇಳಿಯಬಹುದಿತ್ತು. ಫೋನಿನಲ್ಲಿ ಒದ್ದೆ ಹಿಮದ ಮೇಲೆ ಮುದುಕನೊಬ್ಬ ಓಡುತ್ತಿರುವ ಸದ್ದು ಕೇಳಿಸುತ್ತಿತ್ತು.