ಐಸಿನ ಮೇಲೆ ಹನ್ನೆರಡು ಸುತ್ತು

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಮೂಲನಿವಾಸಿಗಳಾದ ನಮ್ಮ ಕಣಿವೆಯಲ್ಲಿ, ತಾಮ್ರದ ಗಣಿಗೆ ನೀರು ನಿಲ್ಲಿಸಲು ಅಣೆಕಟ್ಟು ಕಟ್ಟುತ್ತಿದ್ದರು. ನನ್ನ ಸೋದರಮಾವ ವಿಲ್ಬರ್ಟ್ ಅಲ್ಲಿ ಮಣ್ಣು ಅದುಮುವ ರೋಲರ್ ಓಡಿಸುತ್ತಿದ್ದ. ನಾನು ಮಣ್ಣು ಪರೀಕ್ಷೆ ಮಾಡುವವಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವನು ಅವನೇ, ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಅವನನ್ನು ಬಿಟ್ಟರೆ ನನಗೆ ಇನ್ಯಾರೂ ಇರಲಿಲ್ಲ.

ಕಟ್ಟೆಯ ಆಚೆ ಈಚೆ ಬಂಡೆಕಲ್ಲು, ನಡುವೆ ಜೇಡಿಮಣ್ಣು. ನೀರು ತಡೆಯುವುದು ಆ ಮಣ್ಣೇ. ಒಂದು ಗೇಣು ಹರಡಿ, ಎಂಟು ಸುತ್ತು ರೋಲರ್ ಹೊಡೆದು, ಮತ್ತೆ ಹರಡಬೇಕು. ರಾತ್ರಿಯ ಚಳಿಗೆ ಮೇಲ್ಪದರ ಹೆಪ್ಪುಗಟ್ಟಿದ್ದರೆ ಬೆಳಿಗ್ಗೆ ಅಷ್ಟನ್ನೂ ಕೆರೆದು ಎಸೆಯಬೇಕು.

ಅಕ್ಟೋಬರ್ ಕೊನೆ. ಇನ್ನು ನಾಲ್ಕು ದಿನ ಮಣ್ಣು ಬಿದ್ದರೆ ಕಟ್ಟೆ ಮುಗಿಯುತ್ತಿತ್ತು. ಮಾವನಿಗೆ ಅರವತ್ತೈದು, ಮುಂದಿನ ವರ್ಷ ಅವನನ್ನು ಯಾರೂ ಕರೆಯುವುದಿಲ್ಲ. ಇದನ್ನು ತನ್ನ ಕೈಯಾರೆ ಮುಗಿಸಬೇಕೆಂದು ಹಟ ಹಿಡಿದಿದ್ದ.

ಬುಧವಾರ ಮಧ್ಯಾಹ್ನ ನಾನು ಗುಂಡಿ ತೋಡಿದೆ. ಎರಡು ಪದರದ ಕೆಳಗೆ ಮಣ್ಣು ಸಕ್ಕರೆಯ ಹಾಗೆ ಮಿನುಗಿತು. ಮಾವ ರೋಲರ್ ನಿಲ್ಲಿಸಿ ಇಳಿದು ಬಂದ.

"ಏನೇ ಗುಂಡಿರಾಣಿ, ಪಾತಾಳದ ತನಕ ಅಗೀತೀಯಾ?"

"ಬೆಳಿಗ್ಗೆ ಐಸು ಕೆರೀಲಿಲ್ವಾ ಮಾವ?"

ಅವನ ನಗು ಇಂಗಿತು. "ಕೆರೀತಾ ಕೂತ್ರೆ ಹಿಮ ಬೀಳೋದ್ರೊಳಗೆ ಮುಗೀತದಾ? ಎಂಟಲ್ಲ, ಹನ್ನೆರಡು ಸುತ್ತು ಹೊಡ್ದಿದೀನಿ. ಎಲ್ಲ ಪುಡಿಪುಡಿ ಆಗಿರ್ತದೆ."

"ಪುಡಿಯಾದ್ರೂ ಬೇಸಿಗೇಲಿ ಕರಗ್ತದೆ. ಅಲ್ಲೇ ನೀರು ದಾರಿ ಮಾಡ್ಕೊಳ್ತದೆ. ಕೆಳಗಡೆ ನಮ್ಮೋರ ಮನೆಗಳಿವೆ."

"ನನ್ ಮನೇನೂ ಅಲ್ಲೇ ಇರೋದು. ಮೂವತ್ತು ವರ್ಷ ಮಣ್ಣು ತುಳಿದೋನಿಗೆ ಪಾಠ ಹೇಳ್ತೀಯಾ?" ಆಮೇಲೆ ದನಿ ತಗ್ಗಿಸಿದ. "ಆ ಕಡೆ ಇನ್ನೊಂದು ಗುಂಡಿ ತೋಡು ಮಗಾ. ಅದನ್ನ ಬರ್ಕೊ."

ಅವನು ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದೊಂದೇ ಸಲ. ನಾನು ಕಂಡದ್ದನ್ನೇ ಬರೆದೆ.

ಅಷ್ಟೂ ಮಣ್ಣು ತೆಗೆಸಿದರು. ಮಾವನನ್ನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಶುಕ್ರವಾರ ಹಿಮ ಸುರಿದು ಕೆಲಸ ನಿಂತಿತು. ಮರುವರ್ಷ ಕಟ್ಟೆ ಮುಗಿಸಿದವರು ಬೇರೆಯವರು.

ಈಗ ನೀರು ತುಂಬಿದೆ, ಎಲ್ಲೂ ಒಂದು ತೊಟ್ಟು ಜಿನುಗಿಲ್ಲ. ಬರೆದದ್ದು ಸರಿ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಈ ವರ್ಷ ಆಗಸ್ಟಿನಲ್ಲಿ ಹೊಳೆಗೆ ಸಾಲ್ಮನ್ ಮೀನು ಬಂತು. ಮೊದಲ ದಿನ ಹಿಡಿದ ಮೀನನ್ನು ನಮ್ಮಲ್ಲಿ ಮನೆಮನೆಗೆ ಹಂಚುತ್ತಾರೆ. ನಮ್ಮವರ ಮನೆಯಾದರೆ ಒಳಗೆ ಬಂದು, ಚಹಾ ಕುಡಿದು, ಕೈಗೆ ಕೊಡುತ್ತಾರೆ. ಗಣಿಯವರ ಮನೆಯಾದರೆ ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ. ನಾನು ನನ್ನ ಮನೆಯಲ್ಲಿ ಚಹಾಕ್ಕೆ ನೀರಿಟ್ಟು ಕಾದೆ. ಮಾವನ ಟ್ರಕ್ಕು ಬಂದು ನಿಂತ ಸದ್ದಾಯಿತು. ಓಡಿಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಅದು ತಿರುವು ದಾಟಿತ್ತು.

ಮೀನು ಮೆಟ್ಟಿಲ ಮೇಲಿತ್ತು.