ಅವ್ವನ ಹಾಡಿಗೆ ಎರಡನೇ ಬೀಗ

ಮಲ್ಲಂದೂರಿನ ಆ ಎಸ್ಟೇಟಿನ ಕೂಲಿಮನೆಗಳ ಲೈನಿಗೆ ಪಕ್ಕದ ಗ್ರಂಥಾಲಯದ ವೈಫೈ ಸಿಗುತ್ತದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮಾತ್ರ ಗುಡ್ಡದ ಬಂಡೆ ಹತ್ತಬೇಕು. ಹಾಗಾಗಿ ಎಲ್ಲರೂ ಫೋನನ್ನು ಮೇಸ್ತ್ರಿ ಧರ್ಮೇಶನ ಕೈಗೆ ಕೊಟ್ಟು ಕಳಿಸುತ್ತಾರೆ. ಗ್ಯಾಸಿನದೋ ರೇಷನ್ನಿನದೋ ಕೋಡ್ ಬಂದರೆ ಅವನು ಮೇಲಿಂದಲೇ ಕೂಗಿ ಹೇಳುತ್ತಾನೆ. ಗುಟ್ಟಿನ ಅಂಕಿಯನ್ನು ಹೀಗೆ ಡಂಗುರ ಸಾರುವ ಊರು ಇನ್ನೆಲ್ಲಾದರೂ ಇದೆಯೇ!

ಅಂದು ಕಾಫಿ ಹೂ ಅರಳಿದ ಬೆಳಗು. ತಂಗಮ್ಮ ಫೋನನ್ನು ಧರ್ಮೇಶನ ಕೈಲಿ ಕಳಿಸಿ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ತೀರಿಹೋದ ಅವ್ವ ಹಾಡಿದ ಸೋಬಾನೆ ಪದಗಳೆಲ್ಲ ಅವಳ ಫೋನಿನ ಖಾತೆಯಲ್ಲಿವೆ, ಬೇರೆಲ್ಲೂ ಇಲ್ಲ. ಹೂವಿನ ಘಮದ ಜೊತೆ ಆ ದನಿಯೇ ಮಂಜಿನಲ್ಲಿ ತೇಲಿ ಬಂದಂತೆ ಅವಳಿಗೆ ಅನ್ನಿಸುತ್ತಿತ್ತು.

"ತಂಗಮ್ಮಕ್ಕಾ!" ಬಂಡೆಯಿಂದ ಧರ್ಮೇಶನ ಕೂಗು. "ಯಾರೋ ಕಾಲ್ ಮಾಡಿದಾರೆ. ನಿಮ್ಮ ಖಾತೇಲಿರೋದೆಲ್ಲ ಅಳಿಸಿಹೋಗ್ತದಂತೆ! ಈಗ ಬಂದ ಕೋಡ್ ಬೇಕಂತೆ. ಹೇಳ್ಲಾ?"

ತಂಗಮ್ಮ ದಡಕ್ಕನೆ ಎದ್ದಳು. "ಹೇಳ್ಬಿಡು ಮಾರಾಯ, ಬೇಗ!"

"ಬೇಡ! ಫೋನ್ ಇಡು ಧರ್ಮೇಶಾ!" ಗ್ರಂಥಾಲಯ ನೋಡಿಕೊಳ್ಳುವ ಯಶೋದಾ ಕೂಗುತ್ತಾ ಓಡಿಬಂದಳು.

ತಂಗಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಅವ್ವನ ಪದ ಹೋದ್ರೆ ನೀನು ತಂದ್ಕೊಡ್ತೀಯೇನೇ?"

"ಅಕ್ಕಾ, ಕೋಡ್ ಹೇಳಿದ್ರೇನೇ ಹೋಗೋದು. ನಿಮ್ಮ ಪಾಸ್‌ವರ್ಡ್ ಎಂತದು?"

"ಅವ್ವನ ಹೆಸ್ರು."

"ಅದು ಇಡೀ ಲೈನಿಗೇ ಗೊತ್ತು! ಆ ಕಾಲ್ ಮಾಡಿದೋನಿಗೂ ಸಿಕ್ಕಿದೆ. ಆದ್ರೆ ಖಾತೆಗೂ ಒಂದು ಕಟ್ಟಳೆ ಉಂಟು. ನಿಮ್ಮ ಫೋನಾದ್ರೆ ಸುಮ್ನೆ ಒಳಗೆ ಬಿಡ್ತದೆ. ಹೊಸ ಫೋನಿಂದ, ಗೊತ್ತಿಲ್ಲದ ಊರಿಂದ ಬಂದ್ರೆ ಇನ್ನೊಂದು ಗುರುತು ಕೇಳ್ತದೆ. ನಮ್ಮ ಗೇಟಿನ ಗುರುವಯ್ಯ ಅಪರಿಚಿತ ಜೀಪು ಬಂದ್ರೆ ಚೀಟಿ ಕೇಳಲ್ವಾ, ಹಾಗೆ. ಆ ಗುರುತೇ ಈ ಕೋಡ್."

ಧರ್ಮೇಶ ಇಳಿದು ಬಂದು ಫೋನ್ ತೋರಿಸಿದ. ಕೋಡಿನ ಜೊತೆ ಬಂದ ಎಚ್ಚರಿಕೆಯ ಪ್ರಕಾರ ಎಲ್ಲೋ ದೂರದ ಊರಿಂದ ಯಾರೋ ಖಾತೆಯೊಳಗೆ ನುಗ್ಗಲು ನೋಡಿದ್ದರು. ತಂಗಮ್ಮ ಫೋನನ್ನು ಕಸಿದುಕೊಂಡಳು.

"ಹಂಗಾದ್ರೆ ಕೋಡಿಗೆ ನಾನೇ ಬಂಡೆ ಹತ್ಬೇಕಾ? ನನ್ನ ಮಂಡಿ ಕೇಳ್ಬೇಕಲ್ಲ!"

"ಹತ್ಬೇಡಿ. ಕೋಡ್ ಕೊಡೋ ಆ್ಯಪ್ ಉಂಟು. ಸಿಗ್ನಲ್ ಇಲ್ಲದಿದ್ರೂ ನಿಮ್ಮ ಫೋನಲ್ಲೇ ಅಂಕಿ ಬರ್ತದೆ."

ಯಶೋದಾ ಆ್ಯಪ್ ಹಾಕಿಕೊಟ್ಟಳು. ತಂಗಮ್ಮ ಮುಖ ತಿರುಗಿಸಿಕೊಂಡು, ಯಾರಿಗೂ ಕಾಣದಂತೆ ಹೊಸ ಪಾಸ್‌ವರ್ಡ್ ಒತ್ತಿದಳು. ಮಂಜು ಕವಿದ ಜಗಲಿಯಲ್ಲಿ ಫೋನಿನೊಳಗಿಂದ ಅವ್ವ ಹಾಡತೊಡಗಿದಳು. ಬಂಡೆಯ ಮೇಲಿಂದ ಆಮೇಲೆ ಅವಳ ಕೋಡನ್ನು ಯಾರೂ ಕೂಗಲಿಲ್ಲ.

ನಿಮ್ಮ ಫೋನಿನಲ್ಲೂ ನಿಮ್ಮವರ ನಗುವೋ ದನಿಯೋ ಇದೆಯಲ್ಲವೇ? ಇವತ್ತೇ ಖಾತೆಗೆ, ಪಾಸ್‌ವರ್ಡಿನ ಜೊತೆ ಕೋಡನ್ನೂ ಕೇಳುವ ಎರಡನೇ ಬೀಗ ಹಾಕಿ. ಯಾರು ಎಷ್ಟೇ ಹೆದರಿಸಿ ಕೇಳಿದರೂ ಆ ಕೋಡ್ ಹೇಳಬೇಡಿ. ಹೋದ ದನಿಯನ್ನು ಯಾವ ಬಂಡೆ ಹತ್ತಿ ಕೂಗಿದರೂ ಮರಳಿ ಕರೆಯಲಾಗದು.