ಇಬ್ಬರಿಗೊಂದು ಕೋಟು

"ಇದೂ ಡೂಪ್ಲಿಕೇಟು, ಇದೂ ಡೂಪ್ಲಿಕೇಟು. ಚಿಕ್ಕಮ್ಮಾ, ನೀನೂ ಅಮ್ಮನೂ ಸೇರಿ ಇಷ್ಟೊಂದು ಕಸ ಯಾಕೆ ತುಂಬಿಸಿಟ್ರಿ?" ಅಕ್ಕನ ಮಗಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಮ್ಮ ಸುಮ್ಮನೆ ನಕ್ಕಳು. ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಈ ಕಂಪ್ಯೂಟರಿಗೆ ಸೇರಿಸುವುದು ಅವಳು ತನ್ನ ಅವಳಿ ಅಕ್ಕನ ಜೊತೆ ಹಿಡಿದಿದ್ದ ಕೆಲಸ. ಚಳಿಗಾಲದಲ್ಲಿ ಅಕ್ಕ ತೀರಿಕೊಂಡ ಮೇಲೆ ಅದು ನಿಂತುಹೋಯಿತು. ಈ ಹುಡುಗಿ ಬರುವುದೂ ನಿಂತಿತು. ಫೋನಿನಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಊಟ ಆಯಿತಾ, ಮಾತ್ರೆ ತೊಗೊಂಡೆಯಾ, ಎಲ್ಲ ಕೇಳುತ್ತಿದ್ದಳು. ಬಾ ಎಂದರೆ ಮಾತ್ರ "ಮುಂದಿನ ವಾರ". ಕಾರಣ ಚಿಕ್ಕಮ್ಮನಿಗೆ ಗೊತ್ತಿತ್ತು. ಕನ್ನಡಿ ಎದುರಾದಾಗ ಅವಳಿಗೇ ಎದೆ ಧಸಕ್ಕೆನ್ನುತ್ತಿತ್ತು. ಇನ್ನು ತಾಯಿಯನ್ನು ಕಳೆದುಕೊಂಡವಳಿಗೆ, ಬಂದು ಈ ಮುಖ ನೋಡು ಎಂದು ಯಾವ ಬಾಯಲ್ಲಿ ಹೇಳುವುದು? ಕೊನೆಗೆ ಕಂಪ್ಯೂಟರಿನಲ್ಲಿ ಜಾಗ ಮುಗಿದಿದೆ ಎಂಬ ನೆಪ ಸಿಕ್ಕಿತ್ತು. ಬಂದವಳು ಬಾಗಿಲಲ್ಲಿ ತನ್ನ ಚಪ್ಪಲಿಯನ್ನೇ ನೋಡುತ್ತ ಮಾತಾಡಿ, ನೆಟ್ಟಗೆ ಪರದೆಯ ಮುಂದೆ ಕೂತುಬಿಟ್ಟಿದ್ದಳು. ಆದರೂ ಚಿಕ್ಕಮ್ಮನ ಸೊಂಟನೋವು ನೆನಪಿಟ್ಟುಕೊಂಡು ಕುರ್ಚಿಗೆಂದು ಮೆತ್ತನೆಯ ದಿಂಬು ತಂದಿದ್ದಳು.

ಕಂಪ್ಯೂಟರು ಒಂದೇ ಥರದ ಫೋಟೋಗಳನ್ನು ಹುಡುಕಿ ಜೋಡಿ ಜೋಡಿಯಾಗಿ ಮುಂದಿಡುತ್ತಿತ್ತು. ಅದೇ ಗೋಡೆ, ಅದೇ ಉದ್ದನೆಯ ಕೋಟು, ಅದೇ ಹುಡುಗಿ. ಅಕ್ಕನ ಮಗಳು ಪ್ರತಿ ಜೋಡಿಯಲ್ಲೂ ಅಳಿಸಲೆಂದು ಒಂದಕ್ಕೆ ಗುರುತು ಹಾಕುತ್ತ ಹೋದಳು.

"ಅಮ್ಮನದೇ ಎಷ್ಟೊಂದು ಎರಡೆರಡು! ಇನ್ನು ಒಂದು ಗುಂಡಿ ಒತ್ತಿದರೆ ಎಲ್ಲ ಖಾಲಿ."

"ತಡಿಯೇ, ಒತ್ತಬೇಡ! ಎರಡೂ ನಿಮ್ಮಮ್ಮ ಅಲ್ಲ ಕಣೇ. ಒಂದು ನಾನು."

ಮೌಸಿನ ಮೇಲಿದ್ದ ಬೆರಳು ಹಾಗೇ ನಿಂತಿತು.

"ನಮ್ಮಿಬ್ಬರಿಗೂ ಇದ್ದಿದ್ದು ಒಂದೇ ಒಳ್ಳೆ ಕೋಟು. ಒಬ್ಬಳು ಹಾಕ್ಕೊಂಡು ಫೋಟೋಗೆ ನಿಲ್ಲೋದು, ಆಮೇಲೆ ಬಿಚ್ಚಿ ಇನ್ನೊಬ್ಬಳಿಗೆ ಕೊಡೋದು. 'ಒಬ್ಬಳದು ತೆಗೆದರೆ ಸಾಲದೇನ್ರೇ, ಯಾರಿಗೆ ಗೊತ್ತಾಗುತ್ತೆ?' ಅಂತ ನಿಮ್ಮ ತಾತ ರೇಗಿಸೋರು."

"ಹಾಗಾದ್ರೆ ನಾನು ಇಷ್ಟೊತ್ತು ಯಾರನ್ನ ಅಳಿಸೋಕೆ ಹೊರಟಿದ್ದೆ?"

"ಕೆಲವು ಕಡೆ ಅವಳನ್ನ, ಕೆಲವು ಕಡೆ ನನ್ನನ್ನ. ಭೇದ ಮಾಡಿಲ್ಲ ಬಿಡು."

ಅವಳು ನಗಲಿಲ್ಲ. ಪರದೆಯ ಹತ್ತಿರಕ್ಕೆ ಬಗ್ಗಿದಳು. "ಇದರಲ್ಲಿ ಅಮ್ಮ ಯಾರು? ನನಗೇ ಗೊತ್ತಾಗ್ತಿಲ್ವಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು. "ಎಡಗಡೆಯವಳು. ಕ್ಯಾಮೆರಾ ರೀಲಿನಲ್ಲಿದ್ದ ಕ್ರಮದಲ್ಲೇ ಸೇರಿಸಿದ್ದೀವಿ, ಎಡಗಡೆಯದು ಮೊದಲು ತೆಗೆದಿದ್ದು. ಯಾವಾಗಲೂ ಅವಳದೇ ಮೊದಲು. ಹುಟ್ಟಿದ್ದು ನನಗಿಂತ ಕಾಲು ಗಂಟೆ ಮುಂಚೆ, ಅಷ್ಟಕ್ಕೇ ಏನು ಹಿರಿತನ! ಚಳಿಗೆ ಹಲ್ಲು ಕಟಕಟ ಅಂತಿದ್ರೂ ಆ ತಣ್ಣನೆ ಕೋಟು ತಾನೇ ಮೊದಲು ಹಾಕ್ಕೋಬೇಕು. ಇದಕ್ಕೆ ಎಷ್ಟು ಜಗಳ ಆಡಿದ್ದೀನಿ ಗೊತ್ತಾ? ನನ್ನ ಕೈಗೆ ಬರೋ ಹೊತ್ತಿಗೆ ಅದು ಒಳಗೆಲ್ಲ ಬೆಚ್ಚಗೆ..."

ಚಿಕ್ಕಮ್ಮ ಎಡಗಡೆಯ ಹುಡುಗಿಯನ್ನೇ ನೋಡುತ್ತ ಕೂತಳು.

ಅಕ್ಕನ ಮಗಳು ತಾನು ಹಾಕಿದ ಗುರುತುಗಳನ್ನು ಒಂದೊಂದಾಗಿ ತೆಗೆದಳು. ಎಡಗಡೆಯ ಫೋಟೋದ ಕೆಳಗೆ ಅಮ್ಮ ಎಂದೂ ಬಲಗಡೆಯದರ ಕೆಳಗೆ ಚಿಕ್ಕಮ್ಮ ಎಂದೂ ಬರೆದಳು. ಮುಂದಿನ ಜೋಡಿಗೂ ಹಾಗೆಯೇ ಬರೆದಳು. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯನ್ನು ಪೂರ್ತಿ ಈ ಕಡೆಗೆ ತಿರುಗಿಸಿದಳು.

"ಚಿಕ್ಕಮ್ಮ, ಒಂದ್ನಿಮಿಷ ಕನ್ನಡಕ ತೆಗೀತೀಯಾ?"

ಅಕ್ಕ ಕೊನೆಯವರೆಗೂ ಕನ್ನಡಕ ಹಾಕಿದವಳಲ್ಲ. ಚಿಕ್ಕಮ್ಮ ತನ್ನದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಎದುರಿಗಿದ್ದದ್ದೆಲ್ಲ ಮಸುಕಾಯಿತು, ಕಿಟಕಿಯ ಬೆಳಕು, ಅದರ ಮುಂದೊಂದು ಕಪ್ಪು ಆಕಾರ. ಅದು ಅಲುಗಲಿಲ್ಲ. ಚಿಕ್ಕಮ್ಮ ಕತ್ತು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ಕೂತಳು.